ಎಂಟು ಸಮ ಖಾನೆಗಳ ನಕ್ಷೆ

೧೯೯೮ರ ಜೂನ್ ೧೪, ಭಾನುವಾರ. ಆಧಾರ, ಆ ವರ್ಷದ ನನ್ನ ದಿನಚರಿ. ವಾರವನ್ನು ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. ಅಂದು ಗುಬ್ಬಿಯ ಬಡಗಿ ಆಚಾರ್ರು ನನ್ನ ಪೆಟ್ಟಿಗೆಯ ನಕ್ಷೆಯ ಮೇಲೆ ಎಡಗೈಯ ತೋರುಬೆರಳು ಆಡಿಸಿದರು. ಆ ಬೆರಳಿಗೆ ಉಗುರಿರಲಿಲ್ಲ. ತುದಿ ಚಪ್ಪಟೆಯಾಗಿ, ಸವೆದ ನಾಣ್ಯದಂತೆ ಹೊಳೆಯುತ್ತಿತ್ತು. ಮರದ ನಯವನ್ನು ಅವರು ಅದರಿಂದಲೇ ನೋಡುತ್ತಿದ್ದುದು. ಕಾಗದವನ್ನೂ ಹಾಗೆಯೇ ಸವರಿ, "ಇಲ್ಲೇನೋ ಬರ್ದಿದೀರಲ್ಲ ಸ್ವಾಮಿ?" ಎಂದರು.

"ಹೆಸರಿನ ಚೀಟಿ. ಒಂದೊಂದು ಖಾನೆಗೂ ಅಂಟಿಸಬೇಕು."

"ಆಯ್ತು ಬುಡಿ" ಎಂದು ನಕ್ಕರು. ಆ ನಗುವಿನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಪೆಟ್ಟಿಗೆ ಬೇಕಾಗಿದ್ದುದು ನನ್ನ ಅಕ್ಕನಿಗೆ. ಆಚಾರ್ರ ಬೀದಿಯಲ್ಲೇ ಅವಳ ಮನೆ. ಕಣ್ಣು ಪೂರ್ತಿ ಹೋಗಿ ಎರಡು ವರ್ಷವಾಗಿದ್ದರೂ ಮಧ್ಯಾಹ್ನ ನೆರೆಯ ಹೆಂಗಸರೊಡನೆ ಚೌಕಾಬಾರ, ಅಳಗುಳಿಮಣೆ, ಹುಲಿಕುರಿ ಆಡುವುದನ್ನು ಬಿಟ್ಟಿರಲಿಲ್ಲ. ಆದರೆ ಕವಡೆ, ಬಳೆಚೂರು, ಹುಣಸೆಬೀಜ ಎಲ್ಲವೂ ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿ ಕಲಸಿಹೋಗಿ, ಬೇರೆಯವರು ಆರಿಸಿ ಕೊಡುವವರೆಗೆ ಅವಳು ಕಾಯಬೇಕಿತ್ತು. "ಕೈಯೊಡ್ಕೊಂಡು ಕೂರೋಕೆ ನನ್ ಕೈಲಾಗಲ್ಲ ಕಣೋ. ಆಟಾನೇ ಬಿಟ್ಬಿಡ್ತೀನಿ" ಎಂದಿದ್ದಳು. ನಾನು ತುಮಕೂರಿನಲ್ಲಿ ಮೂರು ಸಂಜೆ ಕೂತು ನಕ್ಷೆ ಬರೆದೆ: ಎಂಟು ಸಮ ಖಾನೆ, ಕೀಲಿನ ಮುಚ್ಚಳ, ದುಂಡಕ್ಷರದ ಚೀಟಿಗಳು. ಶಾಸನಗಳ ಅಕ್ಷರ ಬಿಡಿಸುವುದು ನನ್ನ ವೃತ್ತಿಯಾಗಿತ್ತು.

ಆಚಾರ್ರು ಕುಣಿಗಲ್ ಕಡೆಯವರು. ದಿನ ಗೊತ್ತುಮಾಡಿ ಎಂದರೆ "ಆದಾಗ ಆಯ್ತದೆ" ಎನ್ನುವರು. ತಾರೀಖನ್ನೇ ನಂಬಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಉಡಾಫೆ ಬೇಕೇ? ಒಳಗಿಡುವ ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಅವರು ಹಲಗೆ ಕೊಯ್ಯುತ್ತಿರಲಿಲ್ಲ. "ಸಾಮಾನು ತರ್ದೆ ಪೆಟ್ಟಿಗೆ ಕೇಳೋದು, ಮಗೀನ ತರ್ದೆ ಅಂಗಿ ಹೊಲ್ಸಿದಂಗೆ" ಎಂದು ಬಂದವರನ್ನೆಲ್ಲ ಗದರಿಸುವರು.

ಜುಲೈ ೧೨ರಂದು ಹೋದಾಗ ನನ್ನ ನಕ್ಷೆಯ ಒಂದು ಗೆರೆಯೂ ಪೆಟ್ಟಿಗೆಯಲ್ಲಿ ಉಳಿದಿರಲಿಲ್ಲ. ಕವಡೆಯ ಖಾನೆಯ ತಳವನ್ನು ಬಟ್ಟಲಿನಂತೆ ತೋಡಿದ್ದರು. ಹುಣಸೆಬೀಜದ್ದು ಅಗಲ, ಬಳೆಚೂರಿನದು ಕಿರಿದು, ಹುಲಿಗಳದ್ದು ಆಳ. ಮುಚ್ಚಳ ಜಾರುವಂಥದ್ದು, ಅದರ ಮೇಲೆ ಚೌಕಾಬಾರದ ಮನೆಗಳನ್ನು ಬೆರಳಿಗೆ ಸಿಗುವಂತೆ ಗೀರಿದ್ದರು. ಚೀಟಿ ಒಂದೂ ಇರಲಿಲ್ಲ.

"ಎಂಟು ಸಮ ಖಾನೆ ಅಂದಿದ್ದೆ!"

"ಸಮ ಇದ್ರೆ ಬೆರಳಿಗೆ ಏನ್ ಗೊತ್ತಾಯ್ತದೆ? ಕಣ್ಮುಚ್ಕಂಡು ಒಂದ್ ಕಿತ ಕೈಯಾಡ್ಸಿ ನೋಡಿ."

ನಾನು ಕೈಯಾಡಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಮುಂದೆಯೇ, ಬಹುವಚನವನ್ನೂ ಬಿಟ್ಟು, "ಓದೋಕೆ ಬರದಿದ್ರೆ ಮೊದಲೇ ಹೇಳೋದಲ್ವೇನಯ್ಯ?" ಎಂದೆ.

"ಬರ್ತದೆ ಸ್ವಾಮಿ, ಅಷ್ಟೋ ಇಷ್ಟೋ" ಎಂದು ಅವರು ಪೆಟ್ಟಿಗೆಯ ಧೂಳು ಒರೆಸಿದರು. "ಅಕ್ಕೋರ್ಗೆ ಓದಕ್ಕಾಗಲ್ವಲ್ಲ."

ಅಂದು ಮಧ್ಯಾಹ್ನ ಅಕ್ಕ ಯಾರನ್ನೂ ಕೇಳದೆ ಆಟ ಹೂಡಿದಳು. ನನ್ನ ಎರಡು ಕಾಯಿ ಕಡಿದು, "ಏಳೋ, ಮತ್ತೆ ಮೊದ್ಲಿಂದ ಬಾ! ನಿನ್ ನಕ್ಷೆ ಪರ್ವಾಗಿಲ್ಲ ಕಣೋ" ಎಂದು ನಕ್ಕಳು. ನನ್ನದಲ್ಲ ಎಂದು ನಾನು ಹೇಳಲಿಲ್ಲ. ಹೇಳದಿದ್ದುದು ಸಾಲದೆಂಬಂತೆ, ೨೦೦೧ರಲ್ಲಿ ಮನೆಯಾಟಗಳ ಬಗ್ಗೆ ಬರೆದ ಲೇಖನವೊಂದರಲ್ಲಿ ಆ ಪೆಟ್ಟಿಗೆಯನ್ನು 'ಲೇಖಕರ ಸ್ವಂತ ವಿನ್ಯಾಸ' ಎಂದೇ ಅಚ್ಚು ಹಾಕಿಸಿದೆ.

ಅಕ್ಕ ೨೦೦೪ರಲ್ಲಿ ತೀರಿಕೊಂಡಳು, ಆಚಾರ್ರು ೨೦೦೬ರಲ್ಲಿ. ಅವರ ಕ್ಷಮೆ ಕೇಳಲು ನನಗೆ ಎಂಟು ವರ್ಷಗಳಿದ್ದವು. ಗುಬ್ಬಿಗೆ ಹೋದಾಗಲೆಲ್ಲ ಆ ಅಂಗಡಿ ತಪ್ಪಿಸಿ ಸುತ್ತುದಾರಿ ಹಿಡಿಯುತ್ತಿದ್ದೆ. ಅಂಗಡಿ ಖಾಲಿ ಮಾಡುವಾಗ ಅವರ ಮಗ ನನ್ನ ನಕ್ಷೆಯನ್ನು ತಂದು ಹಿಂತಿರುಗಿಸಿದ. ಅಷ್ಟು ಜನರೆದುರು ಬೈಸಿಕೊಂಡ ಮನುಷ್ಯ ಒಂದೇ ಒಂದು ಮಾತು ಬಾಯಿಬಿಟ್ಟಿದ್ದರೆ ನಾನು ಇಷ್ಟು ಸಣ್ಣವನಾಗುತ್ತಿರಲಿಲ್ಲ. ಅದನ್ನು ನುಂಗಿಕೊಂಡರಲ್ಲ, ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಕಣ್ಣು ಹೋದ ಮೇಲೆ ಅಕ್ಕ ಒಬ್ಬಳೇ ಹೊಸಿಲು ದಾಟಿದವಳಲ್ಲ ಎಂದು ಅದೇ ಲೇಖನದಲ್ಲಿ ಬರೆದಿದ್ದೇನೆ. ನನ್ನ ನೆನಪೂ ಹಾಗೆಯೇ ಹೇಳುತ್ತದೆ. ನಕ್ಷೆಯ ಬೆನ್ನಿಗೆ ಆಚಾರ್ರು ಪೆನ್ಸಿಲಿನಲ್ಲಿ ಬರೆದುಕೊಂಡಿರುವುದು ಬೇರೆ: "೧೬-೬-೯೮. ಅಕ್ಕೋರು ಡಬ್ಬಿ ತಕ್ಕಂಡು, ಗೋಡೆ ಹಿಡ್ಕಂಡು ಒಬ್ರೇ ಬಂದ್ರು. ಖಾನೆ ಸಮ ಬ್ಯಾಡ. ಕವಡೆಗೆ ಬಟ್ಲು. ಮುಚ್ಚಳ ಜಾರ್ಬೇಕು. ತಮ್ಮೋರ್ಗೆ ಹೇಳಂಗಿಲ್ಲ."