ಮಡಲಿನ ತಟ್ಟಿಯಾಚೆಯ ಕೈ

ಮದುವೆಯಾಗಿ ಪುತ್ತೂರಿನಿಂದ ಮರ್ಕಂಜದ ಕಡೆಯ ಆ ಮನೆಗೆ ಬಂದ ಮೊದಲ ವರ್ಷ ನಾನು ಕಲಿಯಬೇಕಾಗಿ ಬಂದದ್ದರಲ್ಲಿ ಕೂ ಎಂಬ ಕೂಗು ಕೇಳಿ ತಿಳಿಯುವುದೂ ಒಂದು. ಅಲ್ಲಿ ಮನೆಗಳು ಗುಡ್ಡಕ್ಕೊಂದರಂತೆ ಇದ್ದವು. ಉದ್ದಕ್ಕೆ ಎಳೆದ ಕೂ ಬಂದರೆ ಯಾರೋ ಮಾತಾಡಲು ಕರೆಯುತ್ತಿದ್ದಾರೆ ಎಂದರ್ಥ. ಕತ್ತರಿಸಿದಂತೆ ಗಿಡ್ಡ ಗಿಡ್ಡ ಕೂ ಬಂದರೆ ಖಾಕಿ ಬಟ್ಟೆಯವರು ಯಾರೋ ಹೊಳೆ ದಾಟಿದ್ದಾರೆ. ಕೇಳಿದ ಮನೆಯವರು ಅದನ್ನು ಮುಂದಿನ ಮನೆಗೆ ದಾಟಿಸಬೇಕು. ಗಂಡಸರು ಕೈಯಲ್ಲಿದ್ದ ಕೆಲಸ ಬಿಟ್ಟು ಅಡಗಲು ಗುಡ್ಡ ಹತ್ತುತ್ತಿದ್ದರು. ನನ್ನ ಗಂಡ ಹಾಗೆ ಹತ್ತುವುದನ್ನು ಮೊದಲ ಸಲ ಕಂಡಾಗ ಇವರು ಎಲ್ಲೋ ಕಳವು ಮಾಡಿದ್ದಾರೆ ಎಂದೇ ನಾನು ಹೆದರಿದ್ದೆ.

"ಎಂತ ಮಾಡಿದ್ದೀರಿ?" ಎಂದು ಸಂಜೆ ಕೇಳಿದೆ.

"ಎಂತ ಮಾಡುದು? ಏನೂ ಮಾಡ್ಲಿಲ್ಲ. ಅಪ್ಪ ಹತ್ತುತ್ತಿದ್ರು, ನಾನೂ ಹತ್ತಿದೆ" ಎಂದರು.

ಬಿಳಿ ದೊರೆಗಳ ಕಾಲದಲ್ಲಿ ಸಾಹೇಬರ ಡೇರೆ, ಪೆಟ್ಟಿಗೆಗಳನ್ನು ಹೊರಲು ದಾರಿಯಲ್ಲಿ ಕಂಡ ಗಂಡಸರನ್ನು ಹಿಡಿದೊಯ್ಯುತ್ತಿದ್ದರಂತೆ. ದೊರೆಗಳು ಹೋಗಿ ಹತ್ತು ವರ್ಷದ ಮೇಲಾಗಿತ್ತು. ಕೂ ಹಾಗೆಯೇ ಉಳಿದಿತ್ತು.

ಆ ವರ್ಷ ಕೊಯ್ಲಿನ ಹೊತ್ತಿಗೆ ನನ್ನ ನಾದಿನಿಗೆ ಜ್ವರ ಹಿಡಿಯಿತು. ನನಗಿಂತ ತುಸು ಚಿಕ್ಕವಳು, ಇನ್ನೂ ಮದುವೆಯಾಗದವಳು. ಒಂದು ದಿನ ಎದ್ದು ಓಡಾಡಿದರೆ ಮರುದಿನ ನಾಲ್ಕು ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಕಷಾಯವಾಯಿತು, ಹರಕೆಯಾಯಿತು. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಪುತ್ತೂರಿನಲ್ಲಿ ನನ್ನ ಸೋದರಮಾವನಿಗೆ ಇಂಥದೇ ಚಳಿಜ್ವರ ಬಂದಿತ್ತು. ಸರಕಾರದ ಮಲೇರಿಯಾದವರು ಬಂದು ಬೆರಳಿನಿಂದ ರಕ್ತ ತೆಗೆದು ಗುಳಿಗೆ ಕೊಟ್ಟಿದ್ದರು. ಮಾವ ಗುಣವಾದದ್ದನ್ನು ನಾನೇ ಕಂಡಿದ್ದೆ. ಅತ್ತೆಗೆ ಹೇಳಿದೆ.

"ರಕ್ತ ತೆಗೊಂಡು ಎಂತ ಮಾಡ್ತಾರೆ?" ಎಂದು ಅತ್ತೆ ಕೇಳಿದರು.

"ಪರೀಕ್ಷೆ."

"ಎಲ್ಲಿ?"

"ಗೊತ್ತಿಲ್ಲ."

"ನಿನಗೇ ಗೊತ್ತಿಲ್ಲದ ಜಾಗಕ್ಕೆ ನನ್ನ ಮಗಳ ರಕ್ತ ಹೋಗುದು ಬೇಡ."

ನಿಜವಾಗಿ, ಆ ರಕ್ತ ಎಲ್ಲಿಗೆ ಹೋಗುತ್ತದೆ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಒಂದು ಬೆಳಿಗ್ಗೆ ಗಿಡ್ಡ ಕೂ ಬಂತು. ಅತ್ತೆ ಒನಕೆ ಒರಗಿಸಿ ಒಳಗೆ ಹೋದವರು ಮಗಳನ್ನು ಚಾಪೆ ಸಮೇತ ಎಬ್ಬಿಸಿದರು. ಮನೆಯ ಹಿಂದೆ ಸೊಪ್ಪು ಹಾಕುವ ಕೊಟ್ಟಿಗೆಯಿತ್ತು. ಅದರ ಗೋಡೆ ಎಂದರೆ ತೆಂಗಿನ ಗರಿಯ ಮಡಲು ಹೆಣೆದ ತಟ್ಟಿ. ಅಲ್ಲಿ ಸೊಪ್ಪಿನ ಮೇಲೆ ಅವಳನ್ನು ಮಲಗಿಸಿ, ಕೆಮ್ಮಬಾರದೆಂದು ಬಾಯಿಗೆ ಸೆರಗು ಕೊಟ್ಟು ಬಂದರು. ಮಲಗಿದವರನ್ನು ಸರಕಾರದವರು ನೋಡಬಾರದು, ಅಷ್ಟೇ ನನಗೆ ಹೇಳಿದ್ದು. ಮತ್ತೆ ಒನಕೆ ಹಿಡಿದರು.

ಬಂದವನು ಮಲೇರಿಯಾದವನು, ಜಾಲ್ಸೂರಿನಲ್ಲಿ ಬಸ್ಸಿಳಿದು ನಡೆದು ಬಂದಿದ್ದ. ಖಾಕಿ ಚಡ್ಡಿ, ಹೆಗಲಲ್ಲಿ ಚೀಲ, ಕಂಕುಳಲ್ಲಿ ಕೊಡೆ. ಮಾತಿನಲ್ಲಿ ಮಲಯಾಳದ ಎಳೆತವಿತ್ತು.

"ಮನೆಯಲ್ಲಿ ಜ್ವರ ಉಂಟಾ ಅಮ್ಮ?"

"ಉಂಟು" ಎಂದರು ಅತ್ತೆ. ನಾನು ಬೆಚ್ಚಿದೆ.

"ಯಾರಿಗೆ?"

"ನನಗೆ."

"ಜ್ವರ ಇರುವವರು ಭತ್ತ ಕುಟ್ಟುದಾ?"

"ನಾನು ಮಲಗಿದ್ರೆ ನಿಮ್ಮ ಸರಕಾರ ಬಂದು ಕುಟ್ತದಾ?"

ಅವನು ನಕ್ಕ. ಅತ್ತೆ ನಗಲಿಲ್ಲ. ಬೆರಳು ಚಾಚಿದರು. ಅವನು ಸೂಜಿ ಚುಚ್ಚಿ ಗಾಜಿನ ತುಂಡಿನ ಮೇಲೆ ರಕ್ತ ಸವರಿಕೊಂಡ. ಆಮೇಲೆ ಬಿಳಿಯ ಗುಳಿಗೆಗಳನ್ನು ಕೊಟ್ಟು, ತನ್ನ ಎದುರೇ ನುಂಗಬೇಕು, ಬಾಯಿಯ ಎಲೆಯಡಿಕೆ ಉಗುಳಿ ಬನ್ನಿ ಎಂದ. ಅತ್ತೆ ಉಗುಳಿದರು. ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದು ಬಾಯಿ ತೆರೆದು ತೋರಿಸಿದರು. ಬಾಲ್ಯದಿಂದ ಎಲೆಯಡಿಕೆ ಜಗಿದ ಹೆಂಗಸಿನ ದವಡೆಯಲ್ಲಿ ಎಷ್ಟು ಜಾಗ ಇರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ. ಅವನು ತಿರುವು ದಾಟುವವರೆಗೆ ಅತ್ತೆ ಅಂಗಳದಲ್ಲೇ ನಿಂತಿದ್ದರು. ಬಳಿಕ ಅಂಗೈಗೆ ಉಗುಳಿದರು. ಗುಳಿಗೆಗಳು ಅರೆಬರೆ ಕರಗಿ ಕೆಂಪಾಗಿದ್ದವು. ಒಂದು ಚೂರನ್ನು ತಾವೇ ನುಂಗಿ ಸಂಜೆಯವರೆಗೆ ಕಾದರು. ತಮಗೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದದ್ದನ್ನು ಬೆಲ್ಲದಲ್ಲಿ ಮುಚ್ಚಿ ಮಗಳಿಗೆ ತಿನ್ನಿಸಿದರು.

ಕೆಲವು ದಿನ ಚಳಿ ಬರಲಿಲ್ಲ. "ಮದ್ದು ಬಂತು, ಅವಳ ರಕ್ತ ಹೋಗ್ಲಿಲ್ಲ. ಹೋದದ್ದು ನನ್ನ ಮುದಿರಕ್ತ, ಬೇಕಾದ್ರೆ ಸಾರು ಮಾಡಿ ಕುಡೀಲಿ" ಎಂದು ಅತ್ತೆ ಹೇಳಿದಾಗ ನಾದಿನಿ ನಕ್ಕಳು. ನಾನೂ ನಕ್ಕೆ.

ಚಳಿ ಮರಳಿತು. ಈ ಸಲ ಅವಳು ನೀರನ್ನೂ ಕಾರುತ್ತಿದ್ದಳು. ಕಣ್ಣು ಹಳದಿಯಾಯಿತು. ಮಧ್ಯಾಹ್ನ ಒಮ್ಮೆ ನನ್ನನ್ನು ತನ್ನ ಸತ್ತ ಅಜ್ಜಿಯ ಹೆಸರಿನಿಂದ ಕರೆದಳು. ಅತ್ತೆ ಬೇಲಿ ದಾಟುವ ದಣಪೆಯ ಬಳಿ ಹೋಗಿ ದಾರಿ ನೋಡತೊಡಗಿದರು. ಯಾರನ್ನು ಕಾಯುತ್ತಿದ್ದಾರೆ ಎಂದು ನಾನು ಕೇಳಲಿಲ್ಲ.

ಮಲೇರಿಯಾದವನು ಮತ್ತೆ ಬಂದ ದಿನವೂ ಅವಳನ್ನು ಕೊಟ್ಟಿಗೆಗೆ ಸಾಗಿಸಿಯೇ ಅತ್ತೆ ಅಂಗಳಕ್ಕೆ ಬಂದರು.

"ನಿಮ್ಮ ರಕ್ತ ನೋಡಿಯಾಯ್ತು ಅಮ್ಮ. ಎಂತದೂ ಇಲ್ಲ. ನಿಮಗೆ ಇನ್ನು ಮದ್ದು ಬೇಡ."

"ಜ್ವರ ಉಂಟು. ಮದ್ದು ಕೊಡಿ."

ಅವನು ಅತ್ತೆಯ ಮಣಿಕಟ್ಟು ಹಿಡಿದು ನೋಡಿದ. ಅದು ತಣ್ಣಗಿತ್ತು. ಅವನ ಮುಖ ಬದಲಾದದ್ದನ್ನು ನಾನು ಕಂಡೆ. ಅಲ್ಲಿಯವರೆಗೆ ಸಂಶಯ ನಮ್ಮದಾಗಿತ್ತು, ಈಗ ಅವನದೂ ಆಯಿತು.

"ಗುಳಿಗೆ ಯಾರಿಗೆ ಕೊಟ್ರಿ?"

ಹಿಂದಿನ ಕೊಟ್ಟಿಗೆಯಿಂದ ಕೆಮ್ಮು ಕೇಳಿಸಿತು. ಅವನು ಆ ಕಡೆ ಒಂದು ಹೆಜ್ಜೆ ಇಟ್ಟ. ಅತ್ತೆ ಅಡ್ಡ ನಿಂತರು.

"ನಾನು ಅವರನ್ನು ತಿನ್ನುದಿಲ್ಲ ಮಾರಾಯ್ರೆ. ನೋಡ್ಬೇಕು, ಅಷ್ಟೆ."

"ಅವತ್ತೂ ಹಾಗೇ ಹೇಳಿದ್ದು" ಎಂದರು ಅತ್ತೆ. ನಾನು ಆ ಕತೆಯನ್ನು ಕೇಳಿದ್ದು ಅದೇ ಮೊದಲು, ಅದೂ ಹೊರಗಿನವನೊಬ್ಬನಿಗೆ ಹೇಳುತ್ತಿದ್ದಾಗ. ಅತ್ತೆ ಹುಡುಗಿಯಾಗಿದ್ದಾಗ ಊರಿಗೆ ಕಾಲರಾ ಬಂದಿತ್ತು. ದೊರೆಯ ಹುಕುಂ ಎಂದು ಖಾಕಿಯವರು ಬಂದರು. ನೋಡಬೇಕು, ಅಷ್ಟೆ ಎಂದರು. ಮಲಗಿದ್ದ ಅತ್ತೆಯ ಅಕ್ಕನನ್ನು ಚಾಪೆಯಲ್ಲಿ ಸುತ್ತಿ, ರೋಗಿಗಳಿಗೆಂದು ಪೇಟೆಯಲ್ಲಿ ಕಟ್ಟಿದ್ದ ಶೆಡ್ಡಿಗೆ ಹೊತ್ತೊಯ್ದರು. ಮನೆಯ ಹುಲ್ಲಿನ ಮಾಡಿಗೆ ಬೆಂಕಿ ಕೊಟ್ಟರು. "ಸತ್ತಳಾ, ಬದುಕಿದಳಾ, ಯಾರೂ ಬಂದು ಹೇಳ್ಲಿಲ್ಲ. ಬೂದಿಯೂ ಸಿಗ್ಲಿಲ್ಲ. ಅಪ್ಪ ನಡೆದು ಹೋಗಿ ಕೇಳಿದ್ರೆ ಬೆನ್ನಿಗೆ ಬಾರಿಸಿದ್ರು."

ಅವನು ಹೆಗಲಿನ ಚೀಲ ಇಳಿಸಿದ. "ನನ್ನ ಹತ್ರ ಚಾಪೆ ಇಲ್ಲಮ್ಮ. ಆಳುಗಳೂ ಇಲ್ಲ. ಕೊಡೆ ಮಾತ್ರ ಉಂಟು" ಎಂದ.

ಅತ್ತೆ ಅವನ ಚೀಲ ಬಿಚ್ಚಿಸಿ ನೋಡಿದರು. ಅವನು ತೋರಿಸಿದ. ಬಳಿಕ ಅತ್ತೆ ಕೊಟ್ಟಿಗೆಯ ಒಳಗೆ ಹೋಗಿ ಬಾಗಿಲಿಗೆ ಅಗಳಿ ಹಾಕಿದರು. ತುಸು ಹೊತ್ತಿನಲ್ಲಿ ತಟ್ಟಿಯ ಒಂದು ಕಡೆ ಮಡಲು ಸರಿದು ನಾದಿನಿಯ ಕೈ ಹೊರಗೆ ಬಂತು. ಮೊಣಕೈವರೆಗೆ ಮಾತ್ರ. ಒಳಗಿನಿಂದ ಅತ್ತೆ ಅವಳ ರಟ್ಟೆ ಹಿಡಿದುಕೊಂಡದ್ದು ಸಂದಿಯಲ್ಲಿ ಕಾಣುತ್ತಿತ್ತು, ಎಳೆದರೆ ಬಿಡಬಾರದು ಎನ್ನುವಂತೆ.

ಅವನು ನೆಲದಲ್ಲಿ ಕುಳಿತ. ಆ ಬೆರಳನ್ನು ಚುಚ್ಚುವ ಮೊದಲು ತನ್ನ ಅಂಗೈಯಲ್ಲಿಟ್ಟು ಸ್ವಲ್ಪ ಬೆಚ್ಚಗೆ ಮಾಡಿದ. ರಕ್ತ ತೆಗೆದು, ಗುಳಿಗೆಗಳನ್ನು ಅಂಗೈಗೆ ಹಾಕಿ, ಬೆರಳುಗಳನ್ನು ತಾನೇ ಮಡಚಿದ. ಕೈ ಒಳಗೆ ಹೋಯಿತು. ನುಂಗುವ ಸದ್ದಿಗೆ ಕಿವಿಯಿಟ್ಟು ಕಾದ.

"ಹೆಸರು ಹೇಳಿ. ಇಲ್ಲದಿದ್ರೆ ಇದು ಯಾರದು ಅಂತ ಅಲ್ಲಿ ಗೊತ್ತಾಗುದಿಲ್ಲ" ಎಂದು ತಟ್ಟಿಗೆ ಹೇಳಿದ. ಅವನು ನನ್ನ ಕಡೆ ತಿರುಗಿದ. "ನೀವು ಶಾಲೆ ಕಲಿತವರ ಹಾಗೆ ಕಾಣ್ತೀರಿ. ನೀವಾದ್ರೂ ಹೇಳಿ."

ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು. ರಕ್ತದ ಪರೀಕ್ಷೆ ಎಲ್ಲಿ ಎಂದು ಅತ್ತೆ ಕೇಳಿದ್ದ ಪ್ರಶ್ನೆಯೂ ಅಲ್ಲೇ ಇತ್ತು. ನಾನು ನೆಲ ನೋಡಿದೆ. ಅವನು ಗಾಜಿನ ಮೂಲೆಯಲ್ಲಿ ಏನೋ ಗೀಚಿಕೊಂಡು ಎದ್ದ.

ಮುಂದಿನ ವಾರ, ರಕ್ತದಲ್ಲಿ ಮಲೇರಿಯಾ ಕಂಡಿದೆಯೆಂದು ಅವನು ಹೆಚ್ಚಿನ ಗುಳಿಗೆಗಳೊಂದಿಗೆ ಬಂದ. ದಿನಕ್ಕೊಮ್ಮೆಯಂತೆ ಎಷ್ಟೋ ದಿನ ನುಂಗಬೇಕಿತ್ತು. ಅಷ್ಟೂ ದಿನ ನಡೆದೇ ಬಂದ, ಅಷ್ಟೂ ದಿನ ಕೈ ಹೊರಗೆ ಬಂತು. ಕೊನೆಕೊನೆಗೆ ನಾದಿನಿ ಎದ್ದು ಪಾತ್ರೆ ತೊಳೆಯುವಷ್ಟಾಗಿದ್ದಳು. ಆದರೂ ಅವನು ಬರುವ ಹೊತ್ತಿಗೆ ತಾನೇ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದಳು. ಕಡೆಯ ದಿನ ಅವನು, "ಇನ್ನು ಹೊರಗೆ ಬರಬಹುದಲ್ಲ, ಬಿಸಿಲು ಚೆನ್ನಾಗಿ ಉಂಟು" ಎಂದ. ಅವಳು ಬರಲಿಲ್ಲ. ಅತ್ತೆ ಅವನಿಗೆ ಒಂದು ಲೋಟ ಮಜ್ಜಿಗೆ ತಂದು ಕೊಡಲು ನನಗೆ ಹೇಳಿದರು. ಅವನು ಕುಡಿಯುವ ಮೊದಲು ಲೋಟವನ್ನು ಒಮ್ಮೆ ಮೂಸಿ ನೋಡಿದ.