ದೋಣಿಗಳ ಜಾಗದಲ್ಲಿ ಇಟ್ಟ ಮನೆ

ಬಾಗಿಲಿನ ಅಡಿಯಲ್ಲಿ ಎರಡು ಬೆರಳು ತೂರುವಷ್ಟು ಸಂದಿಯಿತ್ತು. ಮರಳು ಒಳಬರದಂತೆ ಅಲ್ಲಿಗೆ ರಬ್ಬರ್ ಪಟ್ಟಿ ಅಂಟಿಸುತ್ತಿದ್ದಾಗ ಹೊರಗೆ ಗಂಡಸರ ದನಿ ಕೇಳಿಸಿತು.

ಅಂಕೋಲೆಯ ಹತ್ತಿರದ ಕೇಣಿ ಊರಿನ ಕಡಲ ದಂಡೆಯ ಆ ಕಂಟೇನರ್ ಮನೆ ನನ್ನದು. ಕಾರವಾರದ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ್ದೆಲ್ಲ ಅದಕ್ಕೇ ಹೋಗಿತ್ತು. ಜಾಗ ಕೊಳ್ಳುವ ಶಕ್ತಿ ಇರಲಿಲ್ಲ. ಎತ್ತಿ ಒಯ್ಯಬಹುದಾದ ಮನೆಯಾದರೆ ನೆಲವನ್ನು ಬಾಡಿಗೆಗೆ ಪಡೆದರೆ ಸಾಕು, ಮನೆಯಿಂದ ಬರುವ ಬಾಡಿಗೆ ನನಗೆ ಉಳಿಯುತ್ತದೆ ಅಂದುಕೊಂಡಿದ್ದೆ. ಮೀನು ಮಾರುವ ಅಕ್ಕನೊಬ್ಬಳು ತನ್ನ ಮನೆಯ ಮುಂದಿನ ಖಾಲಿ ಮರಳುನೆಲ ಕೊಟ್ಟಳು. ಪಹಣಿ ನೋಡಿದೆ, ಕರಾರು ಬರೆಸಿದೆ. ಚಳಿಗಾಲದಲ್ಲಿ ಕ್ರೇನ್ ಬಂದು ಮನೆ ಇಳಿಸಿತು. ಅಂಕೋಲೆಗೆ ವರ್ಗವಾಗಿದ್ದ ನರ್ಸ್ ಒಬ್ಬಳು ಜೂನ್‌ನಲ್ಲಿ ಬಾಡಿಗೆಗೆ ಬಂದಿರಲು ಒಪ್ಪಿದ್ದಳು.

ಹೊರಗೆ ನಿಂತಿದ್ದ ಮೀನುಗಾರರಲ್ಲಿ ಹಿರಿಯ ಕೇಳಿದ, "ಟೀಚರೇ, ಇದ್ನ ಯಾವಾಗ ತೆಗಿತ್ರಿ?"

"ಯಾಕೆ ತೆಗೀಬೇಕು?"

"ನಾಳೆ ದೋಣಿ ದಡಕ್ಕೆ ಎಳ್ದು ಹಾಕ್ಬೇಕಲ್ಲ. ಮಳೆಗಾಲ ಪೂರಾ ಅವು ಇಲ್ಲೇ ಇರೂದು. ನಮ್ಮ ಅಜ್ಜನ ಕಾಲದಿಂದ್ಲೂ."

ನಾನು ಜಗಲಿಗೆ ಬಂದು ನಿಂತಿದ್ದ ಅಕ್ಕನ ಮುಖ ನೋಡಿದೆ. ಅವಳಿಗೇ ಆಶ್ಚರ್ಯ.

"ಬೇಕಾದಾಗ ಎತ್ಕಂಡು ಹೋಗೂ ಮನೆ ಅಂತ ನೀನೇ ಹೇಳಿದ್ಯಲ್ಲೆ ತಂಗಿ? ಮಳೆ ಬಂದ್ರೆ ನೀ ಎತ್ತತೆ ಅಂತ ಮಾಡಿದ್ದೆ."

"ಈ ಮನೆಗೆ ಎರಡು ಹುಟ್ಟು ಕೊಡಿ ಮಾರಾಯ್ರೇ, ಟೀಚರ್ ಗೋವಾಕ್ಕೇ ಹೋಗ್ಲಿ," ಎಂದ ಹಿಂದಿದ್ದವನೊಬ್ಬ. ಎಲ್ಲರೂ ನಕ್ಕರು. ಯಾರಾದರೂ ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಕ್ರೇನಿನವನಿಗೆ ಫೋನ್ ಮಾಡಿದೆ. ಒಂದು ಮಳೆ ಬಿದ್ದಾಗಿದೆ, ಕ್ರೇನಿನ ಗಾಲಿ ಹೂತುಹೋಗುತ್ತದೆ, ದೀಪಾವಳಿ ಕಳೆಯಲಿ ಎಂದ. ಕಡಲು ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು. ದೋಣಿಗಳನ್ನು ನೀರಿನಂಚಿನಲ್ಲಿ ಬಿಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರ ಹೊಟ್ಟೆಪಾಡು ಅದು. ಕರಾರುಪತ್ರ ಚೀಲದಲ್ಲೇ ಇತ್ತು. ಅದನ್ನು ಯಾರಿಗೆ ತೋರಿಸುವುದು?

"ಇದ್ನೂ ದೋಣಿ ಎಳೆದ ಹಾಗೇ ಎಳೀತೇವೆ," ಎಂದ ಹಿರಿಯ. "ಆದ್ರೆ ಜಾಗ ಅಂದ್ರೆ ಅದೊಂದೇ."

ಅವನು ತೋರಿಸಿದ್ದು ಅಕ್ಕನ ಮನೆಯ ಗೋಡೆಗೂ ತೆಂಗಿನಮರಕ್ಕೂ ನಡುವಿನ ಓಣಿಯನ್ನು. ಅಲ್ಲಿಟ್ಟರೆ ನನ್ನ ಮನೆಯ ಬಾಗಿಲು ಗೋಡೆಗೆ ತಾಗಿ ನಿಲ್ಲುತ್ತಿತ್ತು.

"ಬಾಗಿಲು ತೆರೆಯೋದಿಲ್ಲ," ಎಂದೆ.

"ತೆರೆಯೋದಿಲ್ಲ," ಎಂದು ಅವನೂ ಒಪ್ಪಿಕೊಂಡ.

ಮಾರನೆಯ ಬೆಳಿಗ್ಗೆ, ಅವರು ಹಗ್ಗ ತರುವ ಮೊದಲೇ, ನರ್ಸ್‌ಗೆ ಫೋನ್ ಮಾಡಿ ಬೇರೆ ರೂಮು ನೋಡಿಕೊಳ್ಳಲು ಹೇಳಿದೆ. ಆಮೇಲೆ ಹೊಸ ಹಾಸಿಗೆಯನ್ನು ಪ್ಲಾಸ್ಟಿಕ್ ಸಮೇತ ಹೊರಗೆಳೆದು ಅಕ್ಕನ ಜಗಲಿಯ ಗೋಡೆಗೆ ಒರಗಿಸಿದೆ.