ಕರೆಂಟು ಬೇಕು, ನಡಿಗೆ ಬೇಡ

ಹೋದ ಭಾನುವಾರ ದುಂಡಸಿಯಿಂದ ಬಸಣ್ಣ ಬಂದಿದ್ದ. ನನ್ನ ಚಿಕ್ಕಪ್ಪನ ಮಗ. ನನ್ನ ಹೆಂಡತಿ ಗಿರಿಜಾ ತೀರಿಕೊಂಡು ಮೂರು ತಿಂಗಳಾದರೂ ಮಾತಾಡಿಸಿ ಹೋಗಲು ಆಗಿರಲಿಲ್ಲ ಎಂದು ಬೇಜಾರು ಮಾಡಿಕೊಂಡ. ಅವಳ ಫೋಟೋ ನೋಡಿದ, ಕಣ್ಣು ಒರೆಸಿಕೊಂಡ, ಎಲ್ಲಾ ಅವನ ಇಚ್ಛೆ ಎಂದು ಮೇಲೆ ಕೈ ತೋರಿಸಿದ. ಆಮೇಲೆ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡ.

"ಅಣ್ಣಾರ, ವೈನಿ ಕಾಲಿಗೆ ಹಚ್ಚತಿದ್ರಲ್ಲ, ಆ ಕರೆಂಟಿನ ಮಷೀನು, ಅದು ಈಗ ಖಾಲಿ ಐತೇನ್ರಿ?"

ದುಃಖ ಎಷ್ಟು ದಿನ ಎಂಬುದಕ್ಕೆ ನಮ್ಮಲ್ಲಿ ಪದ್ಧತಿಯಿದೆ. ಎಷ್ಟು ನಿಮಿಷ ಎಂಬುದಕ್ಕಿಲ್ಲ. ಬಸಣ್ಣ ಏಳೆಂಟು ಕೊಟ್ಟಿದ್ದ. (ಕಡಿಮೆಯೇನಲ್ಲ. ಕೆಲವರು ಚಪ್ಪಲಿ ಬಿಡುವಾಗಲೇ ಕೇಳಿದ್ದಾರೆ.)

ಗಿರಿಜಾಳ ಕಾಲಿನ ರಕ್ತನಾಳ ಕಿರಿದಾಗಿತ್ತು. ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಶಿಗ್ಗಾಂವಿ ಪೇಟೆಯಲ್ಲಿ ಅವಳು ಅಂಗಡಿ ಅಂಗಡಿಯ ಮುಂದೆ ನಿಂತು ರೇಟು ಕೇಳುತ್ತಿದ್ದಳು, ಏನೂ ಕೊಳ್ಳುತ್ತಿರಲಿಲ್ಲ. ಬಲು ಜಿಪುಣಿ ಎಂದು ಅಂಗಡಿಯವರು ನಂಬಿದ್ದರು. ನಾನೂ ನಂಬಿದ್ದೆ. ನೋವು ಇಳಿಯಲಿ ಎಂದು ನಿಲ್ಲುತ್ತಾಳೆ ಅಂತ ನನಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಹುಬ್ಬಳ್ಳಿಯ ಡಾಕ್ಟರು ಎರಡು ಉಪಾಯ ಸೇರಿಸಿ ಹೇಳಿದರು. ಟ್ರೆಡ್‌ಮಿಲ್ ಮೇಲೆ ನೋವು ಜೋರಾಗುವ ತನಕ ನಡೆಯಬೇಕು, ನಿಲ್ಲಬೇಕು, ನೋವು ಇಳಿದ ಮೇಲೆ ಮತ್ತೆ ನಡೆಯಬೇಕು. ದಿನಾ ಅರ್ಧ ತಾಸು. ಜೊತೆಗೆ ಮೀನಖಂಡಕ್ಕೆ ಎರಡು ಪಟ್ಟಿ ಅಂಟಿಸಿ, ಮೊಬೈಲಿನಷ್ಟೇ ಇರುವ ಮಷೀನಿನಿಂದ ನರಕ್ಕೆ ಸಣ್ಣಗೆ ಕರೆಂಟು ಕೊಡಬೇಕು. ನೋವು ಮಂದವಾಗುತ್ತದೆ, ನಾಲ್ಕು ಹೆಜ್ಜೆ ಜಾಸ್ತಿ ಬೀಳುತ್ತವೆ. "ಔಷಧ ಅಂದ್ರ ನಡಿಗಿ. ಕರೆಂಟು ಬರೇ ಜೋಡಿಗೆ" ಎಂದು ಡಾಕ್ಟರು ಎರಡು ಸಲ ಹೇಳಿದರು. ನಮ್ಮ ಮುಖ ನೋಡಿ ಮೂರನೇ ಸಲವೂ ಹೇಳಿದರು.

ಸವಣೂರಿನಲ್ಲಿ ಮುಚ್ಚಿದ ಒಂದು ಜಿಮ್ಮಿನಿಂದ ಟ್ರೆಡ್‌ಮಿಲ್ ತಂದೆವು. ಪಡಸಾಲೆ ಬಿಟ್ಟು ಎಲ್ಲೂ ಹಿಡಿಸಲಿಲ್ಲ. ತಪ್ಪಾಗಿದ್ದು ಅಲ್ಲೇ.

ನಮ್ಮ ಕಡೆ ಯಾರಿಗಾದರೂ ಆರಾಮಿಲ್ಲ ಎಂದರೆ ಮಂದಿ ಮಾತಾಡಿಸಲು ಬರುತ್ತಾರೆ. ಬಾಳೆಹಣ್ಣು, ಬಿಸ್ಕಿಟ್ ಪುಡಾ ಹಿಡಿದುಕೊಂಡು, ಸಂಜೆ ಐದಕ್ಕೆ. ಅವಳು ನಡೆಯುವ ಹೊತ್ತೂ ಅದೇ. ಹಿರಿಯರು ಕೆಳಗೆ ಕುಂತಿರುವಾಗ ಮನೆಯ ಸೊಸೆ (ವಯಸ್ಸು ಐವತ್ತೆಂಟಾದರೇನು) ಒಂದು ಗೇಣು ಮೇಲೆ ನಿಂತು ದಡದಡ ನಡೆಯುವುದೆಂದರೆ? ಸೆರಗು ಸರಿಮಾಡಿಕೊಂಡು ಇಳಿಯುತ್ತಿದ್ದಳು. ಕಾಲು ಹೇಗಿದೆ ಎಂದು ಕೇಳಲು ಬಂದವರಿಗೆ ಅದೇ ಕಾಲಿನ ಮೇಲೆ ನಿಂತು ಚಾ ಮಾಡುತ್ತಿದ್ದಳು.

ಚಾ ಕುಡಿದವರು ಸುಮ್ಮನೆ ಹೋಗುತ್ತಿದ್ದರೇ? ಪಟ್ಟಿ ನೋಡಿ ತಮ್ಮ ಕಾಲೂ ಚಾಚುತ್ತಿದ್ದರು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಸೊಂಟ. (ಒಬ್ಬರಿಗೆ ಗ್ಯಾಸ್.) ಡಾಕ್ಟರ ಚೀಟಿ ಯಾರಲ್ಲೂ ಇಲ್ಲ. ಜುಮ್ ಅಂದರೆ ಸಾಕು, ಮುಖದ ಮೇಲೆ ಪರಮಾನಂದ. ಪಟ್ಟಿಯ ಅಂಟೆಲ್ಲ ಊರವರ ಕಾಲಿಗೆ ಹೋಯಿತು. ಟ್ರೆಡ್‌ಮಿಲ್ ಏರಿದವರು ಮಾತ್ರ ಒಬ್ಬರೂ ಇಲ್ಲ. ಅದರ ಹಿಡಿಕೆಗೆ ಟವೆಲ್ ಹಾಕಿದರು, ಅಷ್ಟೇ. ಕುಂತಲ್ಲಿಗೇ ಬರುವ ಆರೋಗ್ಯವಾದರೆ ನಮಗೆ ಬೇಕು. ಎದ್ದು ಹೋಗಿ ತರುವುದಾದರೆ ನಾಳೆ ನೋಡೋಣ.

ಊರವರನ್ನು ಹಾಸ್ಯ ಮಾಡುವುದು ಸುಲಭ. ನನ್ನ ಪಾಲೂ ಹೇಳಬೇಕು.

ಒಂದು ಸಂಜೆ ಗಿರಿಜಾ ಹನ್ನೆರಡು ನಿಮಿಷ ದಾಟಿದ್ದಳು. ಅಷ್ಟು ಹೊತ್ತು ಒಂದೇ ಸಮನೆ ಎಂದೂ ನಡೆದಿರಲಿಲ್ಲ. ಅಷ್ಟರಲ್ಲಿ ಹಾನಗಲ್ಲಿನಿಂದ ನಮ್ಮಣ್ಣ ಬಂದು ಬಾಗಿಲಲ್ಲಿ ನಿಂತ. ಇಳಿ ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ಇಳಿಯಲಿಲ್ಲ.

"ಎರಡು ಮಿನಿಟು ತಡೀರಿ. ಇವತ್ತ ಇನ್ನೂ ನೋವು ಬಂದಿಲ್ಲ."

ನಾನು ಹೋಗಿ ಗೋಡೆಯ ಸ್ವಿಚ್ ಬಂದ್ ಮಾಡಿದೆ.

ಅವಳು ಮುಗ್ಗರಿಸಿ ಹಿಡಿಕೆ ಹಿಡಿದುಕೊಂಡಳು. ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಚಾ ಇಟ್ಟಳು. ಆಮೇಲೆ ಅವಳು ಅದನ್ನು ಹತ್ತಿದ್ದು ನಾನು ಕಾಣೆ. ಕೇಳಿದರೆ ನಾಳೆ ಅನ್ನುತ್ತಿದ್ದಳು.

ಎರಡು ತಿಂಗಳಿಗೆ ಹೃದಯ ನಿಂತಿತು. ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಕುವುದಿಲ್ಲ ಎಂದು ನಾನೂ ಹೇಳಿದ್ದೇನೆ.

ಮಷೀನು ಯಾರಿಗೆ ಎಂದು ಬಸಣ್ಣನನ್ನು ಕೇಳಿದೆ. ಹೆಂಡತಿಗಂತೆ. ಅದೇ ಕಾಲು, ಅದೇ ನೋವು, ಡಾಕ್ಟರು ಹೇಳಿದ್ದೂ ಅದೇ ಜೋಡಿ. ಹಾಗಾದರೆ ಎರಡನ್ನೂ ಒಯ್ಯಿ, ಬರೀ ಕರೆಂಟು ಕೊಡುವುದಿಲ್ಲ ಎಂದೆ. ಅವನು ಟ್ರೆಡ್‌ಮಿಲ್ಲಿಗೆ ಒಂದು ಸುತ್ತು ಹಾಕಿದ, ಗೇಣಿನಲ್ಲಿ ಅಳೆದ. ಪಡಸಾಲೆಯಲ್ಲಿ ಇಟ್ಟರೆ ಬಂದವರು ಎಲ್ಲಿ ಕೂರಬೇಕು ಎಂದ.

ಆಗ ಸ್ವಿಚ್ಚಿನ ವಿಷಯ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ತಲೆ ತಗ್ಗಿಸಿ ಪೂರ್ತಿ ಕೇಳಿದ. ಅವನಿಗೆ ನಿಜಕ್ಕೂ ಕೆಡುಕೆನಿಸಿತು. ಸ್ವಲ್ಪ ಹೊತ್ತು ಯೋಚನೆ ಮಾಡಿ ಒಂದು ದಾರಿಯನ್ನೂ ಹುಡುಕಿದ.

"ಅಡಗಿಮನ್ಯಾಗ ಇಟ್ರ ಹೆಂಗ್ರಿ ಅಣ್ಣಾರ? ಒಲಿ ಮ್ಯಾಲ ಚಾ ಇಟ್ಟು ಅಕಿ ಪಾಡಿಗೆ ಅಕಿ ನಡಕೋಂತ ಇರ್ತಾಳ. ಮಂದಿಗೂ ಕಾಣೂದಿಲ್ಲ."

ನಗಬೇಡಿ. ನೀವಾದರೆ ಎಲ್ಲಿ ಇಡುತ್ತಿದ್ದಿರಿ?